ಬಂದೂಕಿಗೂ ಮೊದಲು ಜಾಡು

ಆಗಸ್ಟ್ ಹೊತ್ತಿಗೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮುಸುಕಿನ ಜೋಳದ ಹೊಲಗಳು ಆಳೆತ್ತರ ದಾಟಿರುತ್ತವೆ. ಹೊಲ ಮುಗಿದು ಓಕ್ ಮರಗಳ ಕಾಡು ಶುರುವಾಗುವ ಅಂಚಿನಲ್ಲಿ ಅಪ್ಪನೊಬ್ಬ ಅಂಗೈಯಗಲದ ಕ್ಯಾಮೆರಾವನ್ನು ಮರದ ಕಾಂಡಕ್ಕೆ ಪಟ್ಟಿ ಬಿಗಿದು ಕಟ್ಟುತ್ತಾನೆ. ಬೆಚ್ಚಗಿನ ಮೈಯೊಂದು ಎದುರು ಹಾದುಹೋದರೆ ತಾನಾಗಿ ಫೋಟೊ ತೆಗೆಯುವ ಕ್ಯಾಮೆರಾ ಅದು. ಕಟ್ಟಿದ್ದು ಸರಿಯಾದ ಎತ್ತರಕ್ಕೋ ಅಲ್ಲವೋ ಎಂದು ತಿಳಿಯಲು ಯಾರಾದರೂ ಅದರ ಮುಂದೆ ಅಡ್ಡಾಡಬೇಕು. ಆರಡಿಯ ಅಪ್ಪ ಅಡ್ಡಾಡಿದರೆ ಪರೀಕ್ಷೆ ಕೆಡುತ್ತದೆ. ಬಿಳಿಬಾಲದ ಜಿಂಕೆಯ ಹೆಗಲು ನೆಲದಿಂದ ಸುಮಾರು ಮೂರಡಿ. ಐದು ವರ್ಷದ ಮಗಳು ಮೂರೂವರೆ ಅಡಿ. ಹಾಗಾಗಿ ಜಿಂಕೆಯಾಗುವ ಸರದಿ ಮಗಳದು. ಅವಳು ತುಸು ಬಗ್ಗಿ ಎಡದಿಂದ ಬಲಕ್ಕೆ, ಮತ್ತೆ ಬಲದಿಂದ ಎಡಕ್ಕೆ ನಡೆಯುತ್ತಾಳೆ. ಕ್ಯಾಮೆರಾದ ಪುಟ್ಟ ಕೆಂಪು ದೀಪ ಮಿಣುಕಿದರೆ ಕೆಲಸ ಆಯಿತು. ಮಿಣುಕದಿದ್ದರೆ ಅಪ್ಪ ಪಟ್ಟಿಯನ್ನು ಒಂದು ಗೇಣು ಕೆಳಗಿಳಿಸಬೇಕು, ಮಗಳು ಇನ್ನೊಮ್ಮೆ ನಡೆಯಬೇಕು.

ಆ ಮನೆಯಲ್ಲಿ ಈ ಕೆಲಸವನ್ನು ಅವಳಷ್ಟು ಚೆನ್ನಾಗಿ ಮಾಡಬಲ್ಲವರು ಬೇರೆ ಯಾರೂ ಇಲ್ಲ.

ವಿಸ್ಕಾನ್ಸಿನ್‌ನಲ್ಲಿ ಬಂದೂಕು ಹಿಡಿದು ಜಿಂಕೆ ಬೇಟೆಯಾಡುವ ಮುಖ್ಯ ಅವಧಿ ಬರೀ 9 ದಿನ. ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗಿ, ಹಬ್ಬ ಕಳೆದ ಭಾನುವಾರಕ್ಕೆ ಮುಗಿಯುತ್ತದೆ. ಆ ಒಂಬತ್ತು ದಿನಕ್ಕಾಗಿ ತಿಂಗಳುಗಟ್ಟಲೆ ನಡೆಯುವ ತಯಾರಿಯನ್ನು ಅಲ್ಲಿನವರು ಸ್ಕೌಟಿಂಗ್ ಎನ್ನುತ್ತಾರೆ. ಅದನ್ನೇ ಕನ್ನಡದಲ್ಲಿ ಜಾಡು ನೋಡುವುದು ಎನ್ನಬಹುದು. ಜಿಂಕೆ ಎಲ್ಲಿ ಮಲಗುತ್ತದೆ, ಎಲ್ಲಿ ಮೇಯುತ್ತದೆ, ಯಾವ ಹೊತ್ತಿಗೆ ಯಾವ ದಾರಿ ಹಿಡಿಯುತ್ತದೆ ಎಂದು ಕಂಡುಕೊಳ್ಳುವ ಕೆಲಸ ಇದು. ಇದರಲ್ಲಿ ಬ್ಯಾಟರಿ ಬದಲಿಸುವುದಿದೆ, ಕ್ಯಾಮೆರಾದ ಮುಂದೆ ತೂಗಾಡುವ ಹುಲ್ಲು ಕತ್ತರಿಸುವುದಿದೆ, ಮೆಮೊರಿ ಕಾರ್ಡನ್ನು ಜೇಬಿನಲ್ಲಿ ಜೋಪಾನವಾಗಿ ಮನೆಗೆ ತರುವುದಿದೆ, ತಾರೀಖು ಬರೆಯುವುದಿದೆ. ಮೈಲುಗಟ್ಟಲೆ ನಡೆದು ಏನೂ ಕಾಣದೆ ಹಿಂತಿರುಗುವುದೂ ಇದೆ. ಈ ಕೆಲಸಗಳಲ್ಲಿ ಚಿಕ್ಕ ಮಕ್ಕಳಿಗೆ ನಿಜವಾದ ಪಾಲು ಸಿಗಬೇಕು, ಬಂದೂಕು ಬಹಳ ವರ್ಷ ಕಾಯಬೇಕು ಎಂಬುದು ಈ ಬರಹದ ವಾದ.

ಪಾಲು ಎಂದರೆ ಕೈಹಿಡಿದು ಕರೆದೊಯ್ದು ತೋರಿಸಿಕೊಂಡು ಬರುವುದಲ್ಲ. ಬೇರೆ ಯಾರೋ ಮಾಡಿ ಮುಗಿಸಿದ ಕೆಲಸದ ಪಕ್ಕದಲ್ಲಿ ಮಗುವನ್ನು ನಿಲ್ಲಿಸಿ ಫೋಟೊ ತೆಗೆಯುವುದಂತೂ ಅಲ್ಲವೇ ಅಲ್ಲ. ಕನ್ನಡದ ಮನೆಗಳಲ್ಲಿ ಚಪಾತಿ ಲಟ್ಟಿಸುವಾಗ ಮಗು ಪಕ್ಕಕ್ಕೆ ಬಂದು ಕೂತರೆ ಅಮ್ಮ ಒಂದು ಉಂಡೆ ಹಿಟ್ಟು ಕೊಡುತ್ತಾಳೆ. ಮಗು ಯಾವುದೋ ದೇಶದ ನಕ್ಷೆಯಂಥದ್ದನ್ನು ಲಟ್ಟಿಸುತ್ತದೆ. ಅದು ಕಾವಲಿಯ ಮೇಲೆ ಬಿದ್ದು, ಬೆಂದು, ಅಜ್ಜನ ತಟ್ಟೆಗೆ ಬಂದರೆ ಅದು ಪಾಲು. ಅಜ್ಜ ಅದನ್ನು ತಿನ್ನುವುದನ್ನು ಮಗು ಕಣ್ಣು ಮಿಟುಕಿಸದೆ ನೋಡುತ್ತಿರುತ್ತದೆ. ಹಿಟ್ಟಿನ ಉಂಡೆ ಕೊಟ್ಟು ಆಮೇಲೆ ಕಸಕ್ಕೆ ಹಾಕಿದರೆ ಅದು ಹೊತ್ತು ಕಳೆಸಿದ್ದು ಮಾತ್ರ. ಎರಡರ ನಡುವಿನ ವ್ಯತ್ಯಾಸ ಮೂರು ವರ್ಷದ ಮಗುವಿಗೂ ಗೊತ್ತಾಗುತ್ತದೆ.

ಇನ್ನೂ ಚಿಕ್ಕ ಮಕ್ಕಳಿಗೂ ಗೊತ್ತಾಗುತ್ತದೆ ಎನ್ನಲು ಆಧಾರವಿದೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲ್ಲೊ 2006ರಲ್ಲಿ 18 ತಿಂಗಳ 24 ಮಕ್ಕಳ ಮೇಲೆ ನಡೆಸಿದ ಪ್ರಯೋಗದ ವಿವರ ಪ್ರಕಟಿಸಿದರು. ಬಟ್ಟೆ ಒಣಹಾಕುತ್ತಿದ್ದ ದೊಡ್ಡವರೊಬ್ಬರ ಕೈಯಿಂದ ಕ್ಲಿಪ್ ಜಾರಿ ಬೀಳುತ್ತದೆ. ಎರಡೂ ಕೈಯಲ್ಲಿ ಪುಸ್ತಕ ಹೊತ್ತವರಿಗೆ ಕಪಾಟಿನ ಬಾಗಿಲು ತೆಗೆಯಲಾಗುವುದಿಲ್ಲ. 24ರಲ್ಲಿ 22 ಮಕ್ಕಳು ಒಮ್ಮೆಯಾದರೂ ತಾವಾಗಿ ಎದ್ದು ಬಂದು ನೆರವಾದವು. ಎರಡು ವರ್ಷ ಬಿಟ್ಟು ಅದೇ ಇಬ್ಬರು ಇನ್ನೊಂದು ಸಂಗತಿ ತೋರಿಸಿದರು. ನೆರವಾದ ಪ್ರತಿ ಸಲ ಬಹುಮಾನ ಪಡೆದ 20 ತಿಂಗಳ ಮಕ್ಕಳು, ಬಹುಮಾನ ನಿಂತ ಮೇಲೆ ಮೊದಲಿನಷ್ಟು ನೆರವಿಗೆ ಬರಲಿಲ್ಲ. ಏನೂ ಪಡೆಯದ ಮಕ್ಕಳು ಬರುತ್ತಲೇ ಇದ್ದವು. ಕಾಡಿನಿಂದ ಹಿಂತಿರುಗುವಾಗ ಕೂಲಿಯ ಹಾಗೆ ಐಸ್‌ಕ್ರೀಂ ಕೊಡಿಸುವ ಅಪ್ಪಂದಿರು ಈ ಎರಡನೆಯ ಪ್ರಯೋಗವನ್ನು ನೆನಪಿಟ್ಟುಕೊಳ್ಳಬೇಕು.

ಜಾಡು ನೋಡುವ ಕೆಲಸಕ್ಕೆ ಇನ್ನೊಂದು ಗುಣವಿದೆ. ಅದರ ಪಠ್ಯವೆಲ್ಲ ನೆಲದ ಹತ್ತಿರವೇ ಬರೆದಿರುತ್ತದೆ. ಅಲ್ಲಿಗೆ ಮಗುವಿನ ಕಣ್ಣು ದೊಡ್ಡವರ ಕಣ್ಣಿಗಿಂತ ಹತ್ತಿರ.

ತುದಿ ಹೋದ ಒಂದು ಚಿಗುರನ್ನೇ ನೋಡಿ. ಜಿಂಕೆಗೆ ದನದ ಹಾಗೆಯೇ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ. ಕೊಟ್ಟಿಗೆಯಲ್ಲಿ ದನದ ಬಾಯಿ ಬಿಡಿಸಿ ನೋಡಿದ ಯಾರಿಗೂ ಇದನ್ನು ವಿವರಿಸಬೇಕಿಲ್ಲ. ಹಲ್ಲಿಲ್ಲದ್ದರಿಂದ ಅದು ಚಿಗುರನ್ನು ಹಿಡಿದು ಜಗ್ಗಿ ಹರಿಯುತ್ತದೆ. ಹರಿದ ತುದಿ ಸಿಬಿರು ಸಿಬಿರಾಗಿ ಉಳಿಯುತ್ತದೆ. ಮೊಲ ತಿಂದಿದ್ದರೆ ಅದೇ ಕಡ್ಡಿ ಚಾಕುವಿನಿಂದ ಓರೆಯಾಗಿ ಕತ್ತರಿಸಿದಂತೆ ನುಣ್ಣಗಿರುತ್ತದೆ. ಒಂದು ಸಲ ಹೇಳಿಕೊಟ್ಟರೆ ಸಾಕು, ಮಗು ಆ ದಾರಿಯ ಪ್ರತಿಯೊಂದು ಕಡ್ಡಿಯನ್ನೂ ಹಿಡಿದು ಮೊಲವೋ ಜಿಂಕೆಯೋ ಎಂದು ತೀರ್ಪು ಕೊಡುತ್ತ ಹೋಗುತ್ತದೆ. ಅರ್ಧ ಮೈಲಿ ನಡೆಯಲು ಒಂದು ಗಂಟೆ ಹಿಡಿಯುತ್ತದೆ. ಹಿಡಿಯಲಿ.

ಹೆಜ್ಜೆಗುರುತಿನ ಚೂಪು ತುದಿ ಇರುವ ಕಡೆಗೆ ಜಿಂಕೆ ಹೋಗಿದೆ. ಹಿಕ್ಕೆ ಮಿರಮಿರ ಮಿಂಚುತ್ತಿದ್ದರೆ ಹೊಸದು, ಒಣಗಿ ಬಣ್ಣಗೆಟ್ಟಿದ್ದರೆ ಹಳೆಯದು. ಸೆಪ್ಟೆಂಬರ್ ಬಂದರೆ ಗಂಡು ಜಿಂಕೆಗಳು ಎಳೆಮರಗಳಿಗೆ ಕೊಂಬು ಉಜ್ಜಿ ತೊಗಟೆ ಸುಲಿಯುತ್ತವೆ. ಅಕ್ಟೋಬರ್‌ನಲ್ಲಿ ಬಾಗಿದ ಕೊಂಬೆಯ ಅಡಿಯ ನೆಲವನ್ನು ಗೊರಸಿನಿಂದ ಕೆದರಿ ಮೂತ್ರ ಹೊಯ್ದು, ತಾನು ಬಂದಿದ್ದೆ ಎಂಬ ಸುದ್ದಿಯನ್ನು ಉಳಿದ ಜಿಂಕೆಗಳಿಗೆ ಬಿಟ್ಟುಹೋಗುತ್ತವೆ. ಓಕ್ ಕಾಯಿ ಉದುರುವ ಕಾಲದಲ್ಲಿ ಮಗುವಿಗೆ ಇನ್ನೊಂದು ಕೆಲಸ. ಎಲೆಯ ಅಂಚು ದುಂಡಗಿದ್ದರೆ ಬಿಳಿ ಓಕ್, ಮುಳ್ಳಿನಂತೆ ಚೂಪಾಗಿದ್ದರೆ ಕೆಂಪು ಓಕ್. ಬಿಳಿ ಓಕ್ ಕಾಯಿಯಲ್ಲಿ ಒಗರು ಕಡಿಮೆ, ಜಿಂಕೆಗೆ ಅದರ ಮೇಲೇ ಆಸೆ. ಬಿಳಿ ಓಕ್ ಯಾವುದೆಂದು ಗುರುತಿಸಬಲ್ಲ ಮಗು ಮುಂದಿನ ಕ್ಯಾಮೆರಾ ಎಲ್ಲಿ ಕಟ್ಟಬೇಕೆಂದು ಹೇಳಬಲ್ಲದು, ಅಪ್ಪ ಅದರ ಮಾತಿನಂತೆ ಕಟ್ಟಬೇಕು. ಮಾತು ತಪ್ಪಾಗಿದ್ದರೆ ಎರಡು ವಾರದಲ್ಲಿ ಕಾರ್ಡೇ ಹೇಳುತ್ತದೆ.

ಚಳಿಗಾಲದಲ್ಲಿ ಗಂಡು ಜಿಂಕೆಗಳು ಕೊಂಬು ಉದುರಿಸುತ್ತವೆ. ದನದ ಕೊಂಬು ಜೀವಮಾನಕ್ಕೆ ಒಂದೇ. ಜಿಂಕೆಯದು ವರ್ಷಕ್ಕೊಂದು ಜೊತೆ, ಬಿದ್ದ ಮೇಲೆ ಮತ್ತೆ ಬುಡದಿಂದ ಹೊಸದಾಗಿ ಬೆಳೆಯುತ್ತದೆ. ಮಾರ್ಚ್‌ನಲ್ಲಿ ಹಿಮ ಕರಗುತ್ತಿದ್ದಂತೆ, ಇಲಿ ಅಳಿಲುಗಳು ಕಡಿದು ತಿನ್ನುವ ಮೊದಲು ಅವನ್ನು ಹುಡುಕಿ ತರುವುದು ಅಲ್ಲಿನ ಮಕ್ಕಳ ದೊಡ್ಡ ಸಂಭ್ರಮ. ಬಂಡೀಪುರದ ಚುಕ್ಕೆ ಜಿಂಕೆಯೂ ಹೀಗೇ ಕೊಂಬು ಉದುರಿಸುತ್ತದೆ. ಆದರೆ ಇಲ್ಲಿ ಅದನ್ನು ಎತ್ತಿ ಮನೆಗೆ ತರುವಂತಿಲ್ಲ, ಕಾನೂನು ಬಿಡುವುದಿಲ್ಲ.

ಹೀಗೆ ಬೆಳೆದ ಮಕ್ಕಳು ಏನಾಗುತ್ತಾರೆ ಎಂದು ಕೇಳುವವರಿಗೆ ಅದೇ ವಿಸ್ಕಾನ್ಸಿನ್‌ನಲ್ಲಿ ಒಂದು ಉದಾಹರಣೆ ಇದೆ. ಆಲ್ಡೊ ಲಿಯೊಪೋಲ್ಡ್ ಬೇಟೆಗಾರ, ಬಿಲ್ಲುಗಾರ, ವನ್ಯಜೀವಿ ನಿರ್ವಹಣೆಯನ್ನು ವಿಶ್ವವಿದ್ಯಾಲಯದ ಪಾಠವಾಗಿಸಿದ ಪ್ರಾಧ್ಯಾಪಕ. 1935ರಲ್ಲಿ ಅವರು ಬಾರಾಬೂ ಊರಿನ ಹತ್ತಿರ, ನದಿ ದಂಡೆಯಲ್ಲಿ, ಬೆಳೆ ತೆಗೆದು ತೆಗೆದು ಸತ್ವ ಹೋದ ಜಮೀನು ಕೊಂಡರು. ಅಲ್ಲಿ ನಿಂತಿದ್ದುದು ಒಂದು ಕೋಳಿಗೂಡು ಮಾತ್ರ. ಹೆಂಡತಿ ಎಸ್ಟೆಲಾ ಮತ್ತು ಐದು ಮಕ್ಕಳು ಸೇರಿ ಆ ಗೂಡನ್ನು ತೊಳೆದು, ದುರಸ್ತಿ ಮಾಡಿ, ವಾರಾಂತ್ಯದ ಮನೆ ಮಾಡಿಕೊಂಡರು. ಪ್ರತಿ ವಸಂತದಲ್ಲೂ ಸಾವಿರಾರು ಪೈನ್ ಸಸಿ ನೆಟ್ಟರು, ಬರಗಾಲದಲ್ಲಿ ಬಹುಪಾಲು ಒಣಗಿದವು, ಮತ್ತೆ ನೆಟ್ಟರು. ಹಿರಿಯ ಮಕ್ಕಳು ಆಗಲೇ ಹದಿಹರೆಯ ಮುಟ್ಟಿದ್ದರು ಇಲ್ಲವೇ ದಾಟಿದ್ದರು, ತಾಯಿಯ ಹೆಸರನ್ನೇ ಹೊತ್ತ ಕಿರಿಯ ಮಗಳು ಎಸ್ಟೆಲಾಳಿಗೆ 8 ವರ್ಷ. ಅವಳಿಗೂ ಗುದ್ದಲಿ, ಬಕೆಟ್ಟು, ಕೆಲಸ ಇತ್ತು. ಮೊದಲ ಬಾತು ಯಾವ ದಿನ ಬಂತು, ಯಾವ ಹೂ ಯಾವ ದಿನ ಅರಳಿತು ಎಂದು ಆ ಮನೆಯಲ್ಲಿ ಬರೆದಿಡಲಾಗುತ್ತಿತ್ತು.

ಐವರೂ ವಿಜ್ಞಾನ ಮತ್ತು ಪ್ರಕೃತಿ ಅಧ್ಯಯನಕ್ಕೆ ಹೋದರು. ಸ್ಟಾರ್ಕರ್, ಲೂನಾ, ಎಸ್ಟೆಲಾ ಮೂವರೂ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯರಾದರು. ಇದಕ್ಕಿಂತಲೂ ಮನಸ್ಸಿನಲ್ಲಿ ನಿಲ್ಲುವುದು ಮಗಳು ನೀನಾ ಮಾಡಿದ ಕೆಲಸ. ತಂದೆ 1948ರಲ್ಲಿ ನೆರೆಯ ಜಮೀನಿನ ಹುಲ್ಲಿಗೆ ಬಿದ್ದ ಬೆಂಕಿ ಆರಿಸಲು ಹೋಗಿ ತೀರಿಕೊಂಡರು. 1970ರ ದಶಕದಲ್ಲಿ ಅದೇ ಜಾಗಕ್ಕೆ ಹಿಂತಿರುಗಿದ ನೀನಾ, ಅದೇ ಹೂ, ಅದೇ ಹಕ್ಕಿಗಳ ದಿನಾಂಕಗಳನ್ನು ಮತ್ತೆ ಬರೆಯತೊಡಗಿದರು. ತಂದೆಯ ಕಾಲದ ದಾಖಲೆ, ತಮ್ಮ ಕಾಲದ ದಾಖಲೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಸೋದರ ಕಾರ್ಲ್ ಮತ್ತಿತರರೊಂದಿಗೆ 1999ರಲ್ಲಿ ವಿಜ್ಞಾನ ಪ್ರಬಂಧ ಪ್ರಕಟಿಸಿದರು. 61 ವರ್ಷಗಳ ಅವಧಿಯಲ್ಲಿ ಅಲ್ಲಿನ ವಸಂತದ ಹಲವು ಸಂಗತಿಗಳು ಮೊದಲಿಗಿಂತ ಬೇಗ ನಡೆಯುತ್ತಿವೆ ಎಂದು ಅದು ತೋರಿಸಿತು. ಹವಾಮಾನ ಬದಲಾಗುತ್ತಿದೆ ಎಂಬುದಕ್ಕೆ ಒಂದು ಕುಟುಂಬದ ನೋಟ್‌ಬುಕ್ಕು ಸಾಕ್ಷಿಯಾಯಿತು.

ಮರಕ್ಕೆ ಕಟ್ಟುವ ಕ್ಯಾಮೆರಾದ ಕಥೆಯೂ ಆ ಸೀಮೆಯಲ್ಲೇ, ಪಕ್ಕದ ಮಿಶಿಗನ್‌ನಲ್ಲಿ ಶುರುವಾಗುತ್ತದೆ. ಜಾರ್ಜ್ ಶಿರಾಸ್ ಎಂಬ ವಕೀಲ, ಮುಂದೆ ಅಮೆರಿಕದ ಸಂಸತ್ ಸದಸ್ಯ, ಬೇಟೆ ಕೈಬಿಟ್ಟು ಕ್ಯಾಮೆರಾ ಹಿಡಿದರು. ಪ್ರಾಣಿ ದಾರದ ಮೇಲೆ ಕಾಲಿಟ್ಟರೆ ಮಿಂಚುದೀಪ ಹೊತ್ತಿ ತನ್ನ ಚಿತ್ರ ತಾನೇ ತೆಗೆದುಕೊಳ್ಳುವ ಏರ್ಪಾಡು ಮಾಡಿದರು. 1906ರ ಜುಲೈಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಅವರ 74 ಚಿತ್ರಗಳನ್ನು ಪ್ರಕಟಿಸಿತು. ಅದೇ ಉಪಾಯದ ಮುಂದುವರಿದ ರೂಪವನ್ನು 1990ರ ದಶಕದ ಆರಂಭದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಬಳಸಿ, ಪಟ್ಟೆಗಳ ಮೇಲೆ ಹುಲಿಗಳನ್ನು ಒಂದೊಂದಾಗಿ ಗುರುತಿಸಿ ಎಣಿಸಿದರು. ಪುತ್ತೂರಿನಲ್ಲಿ ಮಕ್ಕಳಿಗಾಗಿ ಬಾಲವನ ಕಟ್ಟಿದ ಶಿವರಾಮ ಕಾರಂತರ ಮಗ ಅವರು.

ಕ್ಯಾಮೆರಾ ಈಗ ಇನ್ನೊಂದು ತಿರುವು ಪಡೆದಿದೆ. ಹೊಸ ಮಾದರಿಗಳು ಚಿತ್ರವನ್ನು ನೇರವಾಗಿ ಫೋನಿಗೆ ಕಳಿಸುತ್ತವೆ. ಜಿಂಕೆ ಹಾದುಹೋದ ಕೆಲವೇ ನಿಮಿಷಕ್ಕೆ ಸೋಫಾದಲ್ಲಿ ಕೂತವನ ಜೇಬು ಗುಂಯ್‌ಗುಡುತ್ತದೆ. ಇದು ನ್ಯಾಯವಾದ ಬೇಟೆಯೇ ಎಂಬ ತಕರಾರು ಅಲ್ಲಿನ ಬೇಟೆಗಾರರಲ್ಲೇ ಇದೆ. ಬೇಟೆಗೆ ನೆರವಾಗುವಂತೆ ಮರಕ್ಕೆ ಕಟ್ಟುವ ಯಾವುದೇ ಕ್ಯಾಮೆರಾ ಬಳಸುವುದನ್ನು ಅರಿಜೋನಾ ರಾಜ್ಯ 2022ರ ಜನವರಿಯಿಂದ ನಿಷೇಧಿಸಿತು. ಮಗುವಿನ ಮಟ್ಟಿಗೆ ನಷ್ಟ ಬೇರೆಯೇ ಬಗೆಯದು. ಕಾರ್ಡು ತರಲು ಹೋಗುವ ನಡಿಗೆ ಇಲ್ಲವಾಗುತ್ತದೆ. ಎರಡು ವಾರ ಕಾದು, ಕಾರ್ಡನ್ನು ತಾನೇ ಹೊರತೆಗೆದು, ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರಿಗೆ ಹಾಕಿದಾಗ ಮೊದಲು ಬರುವುದು ಬಗ್ಗಿ ನಡೆಯುತ್ತಿರುವ ತನ್ನದೇ ಚಿತ್ರ. ಆಮೇಲೆ ಗಾಳಿಗೆ ಅಲುಗಿದ ಹುಲ್ಲಿನ ನೂರು ಚಿತ್ರ, ಒಂದು ರಕೂನ್, ಪಕ್ಕದ ತೋಟದ ನಾಯಿ. ಕೊನೆಗೊಮ್ಮೆ ಬೆಳಗಿನ ಜಾವದ ಮಬ್ಬಿನಲ್ಲಿ, ತಾನು ನಡೆದ ಅದೇ ಜಾಗದಲ್ಲಿ, ತಲೆ ಎತ್ತಿ ನಿಂತ ತಾಯಿ ಜಿಂಕೆ ಮತ್ತು ಮೈಮೇಲಿನ ಚುಕ್ಕೆ ಮಾಸುತ್ತಿರುವ ಮರಿ. ಈ ಕಾಯುವಿಕೆಯನ್ನು ಮಗುವಿನಿಂದ ಕಿತ್ತುಕೊಳ್ಳಬಾರದು. ಹಳೆಯ ಕಾರ್ಡಿನ ಕ್ಯಾಮೆರಾವೇ ಮಗುವಿಗೆ ಒಳ್ಳೆಯದು.

ವಿಸ್ಕಾನ್ಸಿನ್‌ನ ನೈಸರ್ಗಿಕ ಸಂಪನ್ಮೂಲ ಇಲಾಖೆ ಈ ಕೆಲಸವನ್ನು ಬೇಟೆಯ ಹಂಗಿಲ್ಲದೆಯೂ ಮಾಡಲು ದಾರಿ ಮಾಡಿಕೊಟ್ಟಿದೆ. 2016ರಲ್ಲಿ ಶುರುವಾದ ಸ್ನ್ಯಾಪ್‌ಶಾಟ್ ವಿಸ್ಕಾನ್ಸಿನ್ ಯೋಜನೆಯಲ್ಲಿ ಕುಟುಂಬಗಳು, ಶಾಲೆಗಳು ಇಲಾಖೆಯ ಕ್ಯಾಮೆರಾ ಪಡೆದು ನೋಡಿಕೊಳ್ಳುತ್ತವೆ. ಹೆಣ್ಣು ಜಿಂಕೆಗಳಿಗೆ ಹೋಲಿಸಿದರೆ ಮರಿಗಳೆಷ್ಟು ಎಂಬ ಲೆಕ್ಕಕ್ಕೆ ಆ ಚಿತ್ರಗಳು ಬಳಕೆಯಾಗುತ್ತವೆ. ತನ್ನ ಕ್ಯಾಮೆರಾದ ಮರಿ ರಾಜ್ಯದ ಲೆಕ್ಕದಲ್ಲಿ ಸೇರಿದೆ ಎಂದು ತಿಳಿದ ಮಗುವಿನ ಚಪಾತಿ ಅಜ್ಜನ ತಟ್ಟೆಗೆ ಬಿದ್ದಂತೆ. ಅಮೆರಿಕದ ಉಪನಗರಗಳಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳ ಹಿತ್ತಲಿಗೂ ಈ ಜಿಂಕೆಗಳು ಬರುತ್ತವೆ. ಮಾಂಸ ಮುಟ್ಟದ ಮನೆಯಲ್ಲೂ ಮಗು ಹೆಜ್ಜೆ ಎಣಿಸಬಹುದು.

ಬಂದೂಕಿನ ಮಾತಿಗೆ ಬಂದರೆ ಅದೇ ರಾಜ್ಯದ ನಡೆಯನ್ನು ಒಪ್ಪಲಾಗದು. ಹಿರಿಯರೊಬ್ಬರ ಜೊತೆಯಲ್ಲಿ ಬೇಟೆಯಾಡಲು ಅಲ್ಲಿ 10 ವರ್ಷ ತುಂಬಿರಬೇಕಿತ್ತು. 2017ರ ಕಾನೂನು ಆ ವಯೋಮಿತಿಯನ್ನೇ ತೆಗೆದುಹಾಕಿತು. ಮಗುವಿನ ಸಿದ್ಧತೆ ಅಪ್ಪ ಅಮ್ಮನಿಗೆ ಗೊತ್ತು, ಸರ್ಕಾರಕ್ಕಲ್ಲ ಎಂಬುದು ಅದರ ಪರವಾದ ವಾದ. ಸಿದ್ಧತೆ ಬರೀ ಗುರಿ ಹಿಡಿಯುವ ಕೈಯದಲ್ಲ. ಕೊಂದದ್ದು ಮತ್ತೆ ಏಳುವುದಿಲ್ಲ ಎಂಬುದು ಮನಸ್ಸಿಗೆ ಇಳಿಯದ ವಯಸ್ಸಿನಲ್ಲಿ ಕೊಲ್ಲುವ ಅಧಿಕಾರ ಕೊಡುವುದು ಮಗುವಿಗೂ ಅನ್ಯಾಯ, ಜಿಂಕೆಗೂ ಅನ್ಯಾಯ. ಬಂದೂಕಿಗೆ ವಯೋಮಿತಿ ಇರಲೇಬೇಕು. ಜಾಡು ನೋಡುವುದಕ್ಕೆ ಬೇಕಿಲ್ಲ.

ಹಾಗೆಂದು ಈ ಕೆಲಸದ ಕೊನೆಯಲ್ಲಿ ಸಾವಿದೆ ಎಂಬುದನ್ನು ಮಗುವಿನಿಂದ ಮುಚ್ಚಿಡುವುದೂ ಸರಿಯಲ್ಲ. ನವೆಂಬರ್‌ನಲ್ಲಿ ಮನೆಗೆ ಬರುವ ಮಾಂಸ ಕ್ಯಾಮೆರಾದಲ್ಲಿ ಕಂಡ ಜಿಂಕೆಯದೇ ಇರಬಹುದು. ಅದಕ್ಕೆ ಕಾರಣವನ್ನೂ ಹೇಳಬೇಕು. 1900ರ ಹೊತ್ತಿಗೆ ಇಡೀ ಅಮೆರಿಕದಲ್ಲಿ ಉಳಿದಿದ್ದ ಬಿಳಿಬಾಲದ ಜಿಂಕೆ ಸುಮಾರು 5 ಲಕ್ಷ ಅಥವಾ ಅದಕ್ಕೂ ಕಡಿಮೆ ಎಂಬ ಅಂದಾಜಿದೆ. ಇಂದು ಅದು ಸುಮಾರು 3 ಕೋಟಿ. ಮಾರಾಟಕ್ಕಾಗಿ ಬೇಟೆಯಾಡುವುದು ನಿಂತಿತು. 1937ರ ಕಾಯ್ದೆಯಿಂದ ಬೇಟೆಯ ಬಂದೂಕು ಮತ್ತು ಗುಂಡುಗಳ ಮೇಲಿನ ಶೇ 11ರ ತೆರಿಗೆ ವನ್ಯಜೀವಿ ರಕ್ಷಣೆಗೆ ಹರಿಯಿತು. ತೋಳ ಬಹುಪಾಲು ಕಡೆ ಇಲ್ಲವಾಗಿತ್ತು. ಹೆಚ್ಚಿದ ಜಿಂಕೆಗಳು ಕಾಡಿನ ಎಳೆಸಸಿಗಳನ್ನೇ ಮೇಯ್ದು ಮುಗಿಸತೊಡಗಿದವು. 1940ರ ದಶಕದಲ್ಲಿ ಜಿಂಕೆಗಳನ್ನು ಕಡಿಮೆ ಮಾಡಬೇಕೆಂದು ವಾದಿಸಿದ ಲಿಯೊಪೋಲ್ಡ್ ತಮ್ಮ ರಾಜ್ಯದ ಜನರಿಂದ ಕಟುವಾದ ಟೀಕೆ ಕೇಳಿದರು. ಆ ವಾದದ ಹುರುಳು ಹರಿದ ಚಿಗುರನ್ನು ನೂರಾರು ಕಡೆ ಕಣ್ಣಾರೆ ಕಂಡ ಮಗುವಿಗೆ ಬೇಗ ಗೊತ್ತಾಗುತ್ತದೆ.

ಅಪಾಯಗಳೂ ಇವೆ. ಎಲ್ಲಕ್ಕಿಂತ ದೊಡ್ಡದು ಎಲ್ಲಕ್ಕಿಂತ ಚಿಕ್ಕದಾಗಿ ಕಾಣುವ ಉಣುಗು. ಆ ಕಾಡುಗಳ ಕರಿಗಾಲಿನ ಉಣುಗಿನ ಮರಿ ಗಸಗಸೆ ಕಾಳಿನಷ್ಟು. ಅದು ಕಚ್ಚಿದರೆ ಲೈಮ್ ಕಾಯಿಲೆ ಬರಬಹುದು. ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಕಚ್ಚಿಕೊಂಡಿದ್ದರಷ್ಟೇ ರೋಗ ದಾಟುವುದರಿಂದ, ಮನೆಗೆ ಬಂದ ಕೂಡಲೇ ಸ್ನಾನ ಮಾಡಿಸಿ ಕಿವಿಯ ಹಿಂದೆ, ಕಂಕುಳಲ್ಲಿ, ಮಂಡಿಯ ಹಿಂದೆ, ಕೂದಲ ಬುಡದಲ್ಲಿ ಹುಡುಕುವುದು ದಿನದ ಕೊನೆಯ ಕೆಲಸ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆಯನ್ನು ಬಲ್ಲ ಮಲೆನಾಡಿನ ತಾಯಂದಿರಿಗೆ ಉಣುಗಿನ ಭಯ ಹೊಸದಲ್ಲ. ಬೇಟೆಯ ದಿನಗಳಲ್ಲಿ ಕಾಡಿಗೆ ಕಾಲಿಡುವ ಮಗು ಬೆಂಕಿಬಣ್ಣದ ಕಿತ್ತಳೆ ಅಂಗಿ ತೊಟ್ಟಿರಬೇಕು. ಮನುಷ್ಯನ ಕಣ್ಣಿಗೆ ಹೊಡೆದು ಕಾಣುವ ಆ ಬಣ್ಣ ಜಿಂಕೆಯ ಕಣ್ಣಿಗೆ ಹಾಗೆ ಕಾಣದು. ಹುಲ್ಲಿನಲ್ಲಿ ಒಂಟಿಯಾಗಿ ಮಲಗಿದ ಮರಿಯನ್ನು ಮುಟ್ಟಬಾರದು ಎಂಬುದನ್ನು ಮೊದಲ ದಿನವೇ ಹೇಳಿಕೊಡಬೇಕು. ಅದು ಅನಾಥವಲ್ಲ, ತಾಯಿ ಹತ್ತಿರದಲ್ಲೇ ಮೇಯುತ್ತಿರುತ್ತದೆ.

ಕರ್ನಾಟಕದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಬಾಗಿಲು ಹಾಕಿತು. ಅದು ಹಾಗೇ ಮುಚ್ಚಿರಬೇಕು. ಆದರೆ ಬೇಟೆಯ ಜೊತೆಗೆ ಹಿರಿಯರ ಬೆನ್ನಿಗೆ ನಡೆದು ಜಾಡು ಓದುವ ಕಲಿಕೆಯೂ ಬಹುಪಾಲು ಮನೆಗಳಿಂದ ಹೋಯಿತು. ಕಬಿನಿಯ ಸಫಾರಿ ಜೀಪಿನಲ್ಲಿ ಕೂತ ಮಗುವಿಗೆ ಇಳಿಯಲು ಬಿಡುವಂತಿಲ್ಲ. ಎರಡು ತಾಸು ಮಾತಾಡದೆ ಕೂತು ಹುಲಿ ಕಾಣದಿದ್ದರೆ ಸಪ್ಪೆ ಮುಖ ಹಾಕಿಕೊಂಡು ಬರುತ್ತದೆ. ಅದರ ತಪ್ಪೇನಿಲ್ಲ, ಅದಕ್ಕೆ ಅಲ್ಲಿ ಕೆಲಸವೇ ಇರಲಿಲ್ಲ.

ಕೆಲಸ ಕೊಡುವ ದಾರಿ ಇಲ್ಲೂ ಇದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಮತ್ತು ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್ ಜೊತೆಗೂಡಿ ಬೆಳೆಸಿದ ಸೀಸನ್‌ವಾಚ್ ಯೋಜನೆಯಲ್ಲಿ ಶಾಲಾ ಮಕ್ಕಳು ಒಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ನೋಡಿ ಬರೆಯುತ್ತಾರೆ. ಹಲಸು, ಮಾವು, ಹುಣಸೆ, ಕಕ್ಕೆ ಯಾವುದಾದರೂ ಆದೀತು. ಚಿಗುರು ಬಂತೇ, ಮೊಗ್ಗು ಬಂತೇ, ಕಾಯಿ ಎಷ್ಟು. ಲಿಯೊಪೋಲ್ಡರ ಕೋಳಿಗೂಡಿನಲ್ಲಿ ನಡೆದದ್ದು ಇದೇ ಕೆಲಸ. ಕೇರಳದ ಶಾಲೆಗಳು ಇದರಲ್ಲಿ ಬಹಳ ಮುಂದಿವೆ. ಕರ್ನಾಟಕದ ಶಾಲೆಗಳು ಅಷ್ಟೇ ಉತ್ಸಾಹದಿಂದ ಸೇರಬೇಕು. ಮನೆಯವರು ಶಾಲೆಗೆ ಕಾಯಬೇಕಿಲ್ಲ. ಭಾನುವಾರ ಬೆಳಗ್ಗೆ ಅರ್ಧ ಗಂಟೆ, ಬೀದಿಯ ತುದಿಯ ಒಂದು ಮರ, ಒಂದು ನೋಟ್‌ಬುಕ್ಕು. ತಾರೀಖು ಬರೆಯುವುದು ಮಗುವಿನ ಕೆಲಸ. ಅಕ್ಷರ ಸೊಟ್ಟಗಾದರೂ, ಮೊಗ್ಗಿನ ಬದಲು ಚಿಗುರು ಎಂದು ಬರೆದರೂ ದೊಡ್ಡವರು ಅದನ್ನು ಅಳಿಸಿ ತಿದ್ದಬಾರದು. ಮುಂದಿನ ಭಾನುವಾರ ಅದೇ ಕೊಂಬೆಯ ಕೆಳಗೆ ಮಗುವನ್ನು ಹೆಗಲ ಮೇಲೆ ಎತ್ತಿ ಹಿಡಿದು, ಮತ್ತೊಮ್ಮೆ ನೋಡಲು ಬಿಡಬೇಕು.